ಅರಳಿ ಎಲೆಗೆ ಹಚ್ಚಿದ ಅಂಟು

ಕುಣಿಗಲ್
8 ಜುಲೈ 1979

ಪ್ರೀತಿಯ ವನಜ,

ಅಕ್ಷರ ನೋಡಿದ ಕೂಡಲೇ ಯಾರೆಂದು ಗೊತ್ತಾಗಿರುತ್ತದೆ. ಹರಿದು ಹಾಕಬೇಡ ಕಣೇ, ಕೊನೆಯ ತನಕ ಓದು. ಹೋದ ವಾರ ಅಮ್ಮನನ್ನು ನೋಡಲು ಗುಬ್ಬಿಗೆ ಹೋಗಿದ್ದೆ. ನಿಮ್ಮಪ್ಪ ದೊಡ್ಡರಂಗಯ್ಯನವರನ್ನು ಕೇಳಿ ನಿನ್ನ ವಿಳಾಸ ತಂದೆ. ತೆಂಗಿನಕಾಯಿ ಸುಲಿಯುತ್ತಿದ್ದರು. "ತುಮಕೂರು, ಚಿಕ್ಕಪೇಟೆ, ಅಡವಿಯಪ್ಪನ ಬೈಂಡಿಂಗ್ ಅಂಗ್ಡಿ" ಅಂದರು, ತಲೆ ಎತ್ತಲಿಲ್ಲ.

ನನ್ನ ಮದುವೆಯಾಗಿ ಎರಡು ವರ್ಷವಾಯಿತು. ಮಾವ ಸೀತಾರಾಮಯ್ಯನವರು ರಿಟೈರಾಗಿದ್ದಾರೆ, ದಿನವಿಡೀ ಓದು. ಅತ್ತೆ ಲಕ್ಷ್ಮೀದೇವಮ್ಮನವರು ಬಹಳ ಮಡಿ, ಅವರ ಅಡುಗೆಮನೆಗೆ ನಾನು ಈಗಲೂ ಕೇಳಿಯೇ ಕಾಲಿಡುತ್ತೇನೆ. ನನ್ನನ್ನು ನೋಡಲು ಬಂದ ದಿನ ನಮ್ಮ ಮೇಜಿನ ಮೇಲಿದ್ದ ನಿನ್ನ ಅರಳಿ ಎಲೆಯ ಬುಕ್‌ಮಾರ್ಕ್ ಒಂದನ್ನು ಅವರು ಕೇಳಿ ತಂದಿದ್ದರಲ್ಲ, ಅದನ್ನು ಭಾಗವತದ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಿದ್ದಾರೆ. ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ. "ನೋಡಿ, ಎಲೆ ಕೊಳೆಸಿ, ಹಸಿರೆಲ್ಲ ತೊಳೆದು, ಬರೀ ನರದ ಬಲೆ ಉಳ್ಸಿದ್ದಾಳೆ. ಅದರ ಮೇಲೆ ಗಿಳಿ ಬೇರೆ! ನಮ್ಮ ಸೊಸೆ ಕೈಕೆಲಸ."

ಈ ಸಲ ನವರಾತ್ರಿಗೆ ಗೊಂಬೆ ನೋಡಲು ಬರುವ ಮುತ್ತೈದೆಯರಿಗೆ ತಾಂಬೂಲದ ಜೊತೆ ಒಂದೊಂದು ಎಲೆ ಕೊಡಬೇಕಂತೆ. ನಾನೇ ಮಾಡಬೇಕಂತೆ. ನನ್ನ ಕೈಯಲ್ಲಿ ಏನಾಗುತ್ತದೆ ಅಂತ ನಿನಗಿಂತ ಬೇರೆ ಯಾರಿಗೆ ಗೊತ್ತು? ಎಲೆ ಕೊಳೆಯುವ ವಾಸನೆ ಮಡಿಮನೆಗೆ ಆಗದು, ಅಮ್ಮನ ಮನೆಯಲ್ಲಿ ಮಾಡಿ ತರುತ್ತೇನೆ ಅಂತ ಸದ್ಯಕ್ಕೆ ಹೇಳಿದ್ದೇನೆ. ಅರವತ್ತಾದರೂ ಬೇಕು ವನಜ. ಮಾಡಿಕೊಡು. ನೀನೇ ಗತಿ.

ಉತ್ತರವನ್ನು ಎದುರು ಮನೆ ಶಿವರಾಮಯ್ಯನವರ ವಿಳಾಸಕ್ಕೆ ಬರಿ, ಅವರ ಮಗಳು ತಂದುಕೊಡುತ್ತಾಳೆ. ಇನ್‌ಲ್ಯಾಂಡಿನಲ್ಲೇ ಬರಿ, ಕಾರ್ಡು ಬೇಡವೇ ಬೇಡ. ಇಲ್ಲಿ ಕಾರ್ಡು ಬಂದರೆ ಅಂಚೆಯವನು ಬೀದಿ ತಿರುಗುವುದರೊಳಗೆ ಓದಿ ಮುಗಿಸಿರುತ್ತಾನೆ.

ನಿನ್ನ
ಕಮಲಾಕ್ಷಿ


ತುಮಕೂರು
17 ಜುಲೈ 1979

ಕಮಲಾಕ್ಷಿಗೆ,

ಹರಿಯಲಿಲ್ಲ. ಎರಡು ಸಲ ಓದಿದೆ. ಎಲ್ಲಾದರೂ ಒಂದು ಮೂಲೆಯಲ್ಲಿ "ತಪ್ಪಾಯಿತು" ಅಂತ ಇರಬಹುದೇನೋ ಎಂದು ಹುಡುಕಿದೆ. ಮಡಿಚಿ ಅಂಟಿಸುವ ಅಂಚನ್ನೂ ಬಿಡಿಸಿ ನೋಡಿದೆ. ಇರಲಿಲ್ಲ.

ನಿನಗೆ ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. ಕುಣಿಗಲಿನವರು ನಿನ್ನನ್ನು ನೋಡಲು ಬರುವ ಬೆಳಿಗ್ಗೆ ನಿಮ್ಮಮ್ಮ ಕೌಸಲ್ಯಮ್ಮನವರು ನಮ್ಮ ಹಿತ್ತಲಿಗೆ ಬಂದರು. ನಮಗೊಂದು ಹಿತ್ತಲಿದೆ ಅಂತ ಅವರಿಗೆ ಅವತ್ತೇ ಗೊತ್ತಾಗಿದ್ದು. "ವನಜಾ, ನಿನ್ನ ಎಲೆ ಒಂದಿಷ್ಟು ಕೊಡೇ. ಹುಡುಗಿ ಕೈಕೆಲಸ ಅಂತ ಮೇಜಿನ ಮೇಲೆ ಏನಾದ್ರೂ ಇಡ್ಬೇಕಲ್ಲ. ನಮ್ಮ ಕಮಲಿ ಹಾಕಿರೋ ಕಸೂತಿ ನೋಡಿದ್ರೆ ಬಂದವ್ರು ಕಾಫೀನೂ ಕುಡಿಯಲ್ಲ" ಅಂದರು. ನಗುತ್ತಲೇ ಕೊಟ್ಟೆ. ಹೆಣ್ಣು ತೋರಿಸುವಾಗ ಪಕ್ಕದ ಮನೆಯ ಬೆಳ್ಳಿ ತಟ್ಟೆ ಬರುತ್ತದೆ, ಅತ್ತಿಗೆಯ ಸರ ಬರುತ್ತದೆ, ಹಾಗೇ ನನ್ನ ಎಲೆ. ಅದಕ್ಕೆ ನನಗೆ ಸಿಟ್ಟಿಲ್ಲ.

ಸಿಟ್ಟು ಆಮೇಲಿನದಕ್ಕೆ. ಅದರ ಮುಂದಿನ ತಿಂಗಳು ನಾವು ಓದಿದ ಹೈಸ್ಕೂಲಿನಲ್ಲಿ ವಸ್ತುಪ್ರದರ್ಶನವಿತ್ತು. ಹೆಡ್ ಮಿಸ್ಟ್ರೆಸ್ ರೇವಮ್ಮನವರು ಒಂದು ಮೇಜನ್ನು ನನ್ನ ಎಲೆಗಳಿಗೇ ಬಿಟ್ಟುಕೊಟ್ಟಿದ್ದರು. "ಜೂನಿಂದ ಕೈಕೆಲಸದ ಟೀಚರ್ ನೀನೇ ಕಣಮ್ಮ. ಕಮಿಟಿಯವ್ರು ಇದನ್ನ ಒಂದ್ಸಲ ನೋಡ್ಲಿ, ಅಷ್ಟೇ" ಅಂದಿದ್ದರು. ಅಪ್ಪ ಆ ದಿನ ಒಗೆದ ಪಂಚೆ ಉಟ್ಟು ಬಂದು ಬಾಗಿಲ ಹತ್ತಿರ ನಿಂತಿದ್ದ. ನಿಮ್ಮಮ್ಮ ನಿನ್ನ ಅತ್ತೆಯಾಗುವವರನ್ನು ಕರೆದುಕೊಂಡು ಬಂದರು. ಅವರು ಒಂದು ಎಲೆ ಎತ್ತಿ, "ಅರೆ, ಇದು ನಮ್ಮ ಹುಡುಗಿ ಮಾಡಿದ್ದಲ್ವೇ?" ಅಂದರು. ನಿಮ್ಮಮ್ಮನಿಗೆ ಸುಳ್ಳು ಹೊಳೆಯಲು ಗಳಿಗೆಯೂ ಹಿಡಿಯಲಿಲ್ಲ. "ಹೂಂ ನೋಡಿ, ಈ ಹುಡುಗಿ ನಮ್ಮನೆಗೆ ಬಾಳೆಎಲೆ ತಂದು ಹಾಕ್ತಾಳೆ. ಬಂದಾಗ ಎತ್ಕೊಂಡ್ಹೋಗಿದಾಳೆ."

ರೇವಮ್ಮನವರು ನಿನ್ನನ್ನು ಕರೆದರು. "ನೀನೇ ಹೇಳಮ್ಮ ಕಮಲಾಕ್ಷಿ, ಇವು ಯಾರದು?"

ನೀನು ಸೆರಗಿನ ತುದಿ ನೋಡುತ್ತ "ನಂದು ಮಿಸ್" ಅಂದೆ.

ಕೆಲಸ ಬೇರೆಯವಳಿಗೆ ಹೋಯಿತು. ಅಪ್ಪ ನಿಮ್ಮ ಬೀದಿಗೆ ಬಾಳೆಎಲೆ ಹೊತ್ತು ಹೋದರೆ "ಅಂಗಳದಲ್ಲಿರೋ ಪಾತ್ರೆ ಒಳಗೆ ತಗೊಳ್ರೇ" ಅನ್ನುವ ಮಾತು. ನನಗೆ ಎಲೆಕಳ್ಳಿ ಅಂತ ಹೆಸರು. ಊರು ಬಿಟ್ಟೆ. ಈಗಿರುವುದು ತುಮಕೂರಿನಲ್ಲಿ ನನ್ನ ಮೂರನೇ ರೂಮು, ಯಾವ ಗೋಡೆಯೂ ನನಗೆ ಒಗ್ಗುವುದಿಲ್ಲ.

ನಿನಗೆ ಎಲೆ ಬೇಕಾದರೆ ಒಂದು ಕೆಲಸ ಮಾಡು. ರೇವಮ್ಮನವರಿಗೆ ಕಾಗದ ಬರಿ. "ಅವತ್ತು ಸುಳ್ಳು ಹೇಳಿದೆ, ಎಲೆಗಳು ವನಜಳವು" ಅಂತ. ಇಷ್ಟೇ. ಅದು ಅವರ ಕೈಸೇರಲಿ, ಆಮೇಲೆ ಅರವತ್ತಲ್ಲ, ನೂರು ಮಾಡಿಕೊಡುತ್ತೇನೆ.

ವನಜ


ಕುಣಿಗಲ್
29 ಜುಲೈ 1979

ಪ್ರೀತಿಯ ವನಜ,

ನಿನ್ನ ಕಾಗದ ಓದಿದೆ. ಅವತ್ತು ಅಮ್ಮ ನನ್ನ ಬೆನ್ನ ಹಿಂದೆ ನಿಂತು ಸೊಂಟ ಚಿವುಟುತ್ತಿದ್ದಳು ಕಣೇ. ಮದುವೆ ಮುರಿದು ಹೋಗಿದ್ದರೆ ನನಗೆ ಇನ್ನೊಂದು ಗಂಡು ಎಲ್ಲಿತ್ತು? ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಹೇಳು.

ರೇವಮ್ಮನವರಿಗೆ ಬರೆಯುತ್ತೇನೆ, ಖಂಡಿತ ಬರೆಯುತ್ತೇನೆ. ಆದರೆ ಈಗ ಬೇಡ. ಅವರೂ ನಮ್ಮತ್ತೆಯೂ ಆ ಪ್ರದರ್ಶನದಲ್ಲಿ ಪರಿಚಯವಾದ ಮೇಲೆ ಹಬ್ಬಹುಣ್ಣಿಮೆಗೆ ಕಾಗದ ಬರೆದುಕೊಳ್ಳುತ್ತಾರೆ. ಇವತ್ತು ಅಲ್ಲಿಗೆ ಹೋದದ್ದು ನಾಳೆ ಇಲ್ಲಿರುತ್ತದೆ. ನವರಾತ್ರಿ ಒಂದು ಕಳೆಯಲಿ. ವಿಜಯದಶಮಿ ಕಳೆದ ವಾರದಲ್ಲೇ ಬರೆಯುತ್ತೇನೆ. ನನ್ನ ತಾಳಿಯಾಣೆ.

ಎಲೆಗಳನ್ನು ಈಗಲೇ ನೆನೆಹಾಕದಿದ್ದರೆ ಆಗುವುದಿಲ್ಲ ಅಂತ ನೀನೇ ಹೇಳುತ್ತಿದ್ದೆಯಲ್ಲ, ತಿಂಗಳು ಬೇಕು ಅಂತ? ಕುಚ್ಚಿಗೆ ಇಲ್ಲಿಯ ರೇಷ್ಮೆ ದಾರ ಇದರ ಜೊತೆ ಕಳಿಸಿದ್ದೇನೆ. ಕೆಂಪು, ಹಳದಿ ಎರಡೂ ಇದೆ.

ನಿನ್ನ
ಕಮಲಾಕ್ಷಿ


ತುಮಕೂರು
20 ಆಗಸ್ಟ್ 1979

ಪ್ರೀತಿಯ ಕಮಲಾಕ್ಷಿ,

ಅಕ್ಷರ ಬೇರೆಯಾಗಿದೆ ಅಂತ ಹೆದರಬೇಡ. ನನ್ನ ಎರಡು ಕೈಯೂ ಕೆಲಸದಲ್ಲಿದೆ. ನಾನು ಹೇಳುತ್ತಿದ್ದೇನೆ, ಪಕ್ಕದ ರೂಮಿನ ಚಿಕ್ಕಮಾರಿ ಬರೆಯುತ್ತಿದ್ದಾಳೆ. ಕೋರ ಹಳ್ಳಿಯ ಹುಡುಗಿ, ಇಲ್ಲಿ ಟೈಪಿಂಗ್ ಕಲಿಯುತ್ತಿದ್ದಾಳೆ. "ಅಕ್ಕಾ, ಪ್ರೀತಿಯ ಅಂತ ಹಾಕ್ಲಾ?" ಅಂತ ಕೇಳಿದಳು. ಹಾಕು, ದಪ್ಪಗೆ ಹಾಕು ಅಂದೆ.

ನೀನು ಹೇಳಿದ್ದು ಸರಿ. ನವರಾತ್ರಿ ಕಳೆಯಲಿ. ತಾಳಿಯಾಣೆ ಮಾಡಿದ ಮೇಲೆ ನಂಬದೆ ಇರಲು ನಾನೇನು ಕಟುಕಳೇ? ಎಲೆ ನೆನೆಹಾಕಿ ಆಗಲೇ ಮೂರು ವಾರವಾಯಿತು. ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಎರಡು ಮಡಕೆ ಇಟ್ಟಿದ್ದೇನೆ. ಅಡವಿಯಪ್ಪಣ್ಣ ಮೂಗು ಮುಚ್ಚಿಕೊಂಡು ಬಂದು, "ಏನವ್ವಾ ವನಜಿ, ಮಡಕೆಯೊಳ್ಗೆ ಏನ್ ಸತ್ತದೆ?" ಅಂದ.

"ಎಲೆ ಕಣಣ್ಣ."

"ಎಲೆ ಸತ್ರೂ ಹಿಂಗ್ ನಾರ್ತದಾ? ಬುಡು, ನಮ್ ಸರೇಸ್ ಕಾಯೋ ವಾಸ್ನೆ ಮುಂದೆ ಇದು ಮಲ್ಲಿಗೆ ಹೂವ."

ಈ ಸಲದ ಎಲೆಗಳು ಮೊದಲಿನವಕ್ಕಿಂತ ಚೆನ್ನಾಗಿ ಬರುತ್ತವೆ. ಗುಬ್ಬಿಯಲ್ಲಿ ಜಾಲಿ ಮರದ ಗೋಂದು ಹಚ್ಚುತ್ತಿದ್ದೆ, ಸ್ವಲ್ಪ ದಿನಕ್ಕೆ ಮಂಕಾಗುತ್ತಿತ್ತು. ಇಲ್ಲಿ ಬೈಂಡಿಂಗಿನವರು ಬಳಸುವ ಅಂಟು ಸಿಗುತ್ತದೆ, ತೆಳ್ಳಗೆ ಒಂದು ಕೈ ಎಳೆದರೆ ಗಾಜಿನ ಹಾಗೆ ಹೊಳೆಯುತ್ತದೆ. ನಿಮ್ಮತ್ತೆಗೆ ಬಹಳ ಹಿಡಿಸುತ್ತದೆ.

ಒಂದೆರಡು ಮಾತು ಕೇಳಬೇಕಿತ್ತು. ಅವರು ಈಗಲೂ ಅಷ್ಟೇ ಮಡಿಯೇ? ಎಲೆಗಳನ್ನು ಮೊದಲು ದೇವರ ಮುಂದೆ ಇಟ್ಟು ಆಮೇಲೆ ಕೊಡುತ್ತಾರೋ, ಹಾಗೇ ಕೊಡುತ್ತಾರೋ? ಊರಿನ ದೊಡ್ಡ ಮನೆಯವರೆಲ್ಲ ಬರುತ್ತಾರೆಯೇ? ಗೊತ್ತಿದ್ದರೆ ಅದಕ್ಕೆ ತಕ್ಕ ಚಿತ್ರ ಬರೆಯಬಹುದು, ಅದಕ್ಕೆ ಕೇಳಿದೆ.

ನಿನ್ನ ಪ್ರೀತಿಯ
ವನಜ
(ಬರೆದವಳು ಚಿಕ್ಕಮಾರಮ್ಮ. ನಮಸ್ಕಾರ ಅಕ್ಕಾವ್ರೇ.)


ಕುಣಿಗಲ್
3 ಅಕ್ಟೋಬರ್ 1979

ನನ್ನ ಬಂಗಾರದ ವನಜ,

ನಿನ್ನದು ಅದೇನು ಕೈಯೋ! ಪಾರ್ಸೆಲ್ ಬಿಚ್ಚಿದಾಗ ನನಗೇ ಕಣ್ಣು ಕುಕ್ಕಿತು. ಶಂಖ, ಚಕ್ರ, ಗಿಳಿ, ಒಂದರಲ್ಲಿ ಪುಟ್ಟ ಕೊಳಲು. ದೀಪದ ಹತ್ತಿರ ಹಿಡಿದರೆ ನರನರವೂ ಮಿಂಚುತ್ತದೆ. ಅತ್ತೆ ಪಾಡ್ಯದ ದಿನ ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ ದೇವರ ಮುಂದಿಟ್ಟು, ಹೂ ಹಾಕಿ, ಮಂಗಳಾರತಿ ಮಾಡಿದರು. ದೇವರಮನೆಯ ಪ್ರತಿ ಪುಸ್ತಕಕ್ಕೂ ಒಂದೊಂದು. ಭಾಗವತದಲ್ಲಿದ್ದ ಹಳೆಯದನ್ನು ತೆಗೆದು ಕೊಳಲಿನದನ್ನು ಇಟ್ಟರು. ಒಂಬತ್ತು ದಿನವೂ ಮನೆ ತುಂಬ ಹೆಂಗಸರು. "ಇಂಥಾ ಸೊಸೆ ಎಲ್ಲಿ ಹುಡುಕಿದ್ರಿ?" ಅಂತ ಒಬ್ಬರು ಕೇಳಿದರೆ ಅತ್ತೆ ನನ್ನ ಗಲ್ಲ ಹಿಡಿದು, "ಮೇಜಿನ ಮೇಲೆ ಎಲೆ ನೋಡ್ದೆ, ಸೊಸೆ ಮಾಡ್ಕೊಂಡೆ" ಅಂದರು. ಎರಡು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿ ಮಾತಾಡಿದ್ದು ಅದೇ ಮೊದಲು.

ಅಷ್ಟಮಿಯ ದಿನ ಗುಬ್ಬಿ ಕಡೆಯವರೊಬ್ಬರು ಬಂದಿದ್ದರು. ಅವರು ಆ ಹಳೆಯ ಮಾತೆತ್ತಿ, "ಎಲೆ ಕದ್ದ ಹುಡುಗಿ ಈಗೆಲ್ಲಿದಾಳೋ" ಅಂದರು. ಎಲ್ಲರೂ ನಕ್ಕರು. ನಾನೇನು ಮಾಡಲಿ, ತಟ್ಟೆ ಹಿಡಿದು ನಿಂತಿದ್ದೆ, ನಗದಿದ್ದರೆ ಚೆನ್ನಾಗಿರುತ್ತಿರಲಿಲ್ಲ. ನಿನಗೆ ಬೇರೆ ಯಾರಾದರೂ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ ಅಂತ ಬರೆದೆ.

ರೇವಮ್ಮನವರ ಕಾಗದದ ವಿಷಯ. ಯೋಚನೆ ಮಾಡಿದೆ ವನಜ. ಆ ಕೆಲಸವೇನೂ ಈಗ ವಾಪಸ್ ಬರುವುದಿಲ್ಲ. ನಿನಗೂ ಅಲ್ಲಿ ಒಳ್ಳೆಯ ಕೆಲಸವಿದೆ. ಆರಿದ ಬೂದಿ ಕೆದಕಿ ಯಾರಿಗೆ ಏನು ಲಾಭ? ಒಂದು ರವಿಕೆ ಬಟ್ಟೆ ಕಳಿಸುತ್ತೇನೆ, ತಂಗಿಯ ಉಡುಗೊರೆ ಅಂದುಕೋ.

ನಿನ್ನ
ಕಮಲಾಕ್ಷಿ


ತುಮಕೂರು
7 ಅಕ್ಟೋಬರ್ 1979

ಕಮಲಾಕ್ಷಿಗೆ,

ನೀನು ಬರೆಯುವುದಿಲ್ಲ ಅಂತ ನನಗೆ ಜುಲೈನಲ್ಲೇ ಗೊತ್ತಿತ್ತು. ಅದಕ್ಕೇ ಎಲೆಗಳನ್ನು ಅಷ್ಟು ಮನಸ್ಸಿಟ್ಟು ಮಾಡಿದೆ.

ಆ ಹೊಳಪು ಸರೇಸಿನದು. ನಿನಗೆ ಗೊತ್ತಿರಲಾರದು, ಹೇಳುತ್ತೇನೆ. ದನದ ಚರ್ಮ, ಮೂಳೆ, ಗೊರಸು ಎಲ್ಲ ಹಾಕಿ ಬೇಯಿಸಿ ಬೇಯಿಸಿ ಇಳಿಸುವ ಅಂಟು ಅದು. ಬೆಲ್ಲದ ಹಾಗೆ ಕಂದು ಬಿಲ್ಲೆಯಾಗಿ ಅಂಗಡಿಗೆ ಬರುತ್ತದೆ. ನೆನೆಸಿ ಕಾಯಿಸಿದರೆ ಹೊಸಬರು ಬೀದಿಗೆ ಓಡುತ್ತಾರೆ. ಆರಿದ ಮೇಲೆ ವಾಸನೆ ಇರುವುದಿಲ್ಲ, ಹೊಳಪೊಂದೇ ಉಳಿಯುತ್ತದೆ. ಅರವತ್ತು ಎಲೆಗೂ ಹಿಂದೆ ಮುಂದೆ ಎರಡು ಕೈ ಎಳೆದಿದ್ದೇನೆ. ನಿನ್ನ ಅತ್ತೆಯ ಭಾಗವತದಲ್ಲಿ ಈಗ ಅದು ಮಲಗಿದೆ. ಅದಕ್ಕೆ ಹೂ ಹಾಕಿದ್ದಾರೆ, ಆರತಿ ಎತ್ತಿದ್ದಾರೆ. ಕುಣಿಗಲಿನ ಮಡಿಯುಟ್ಟ ಮುತ್ತೈದೆಯರೆಲ್ಲ ಅರಿಶಿನ ಕುಂಕುಮದ ಜೊತೆ ಮಡಿಲಿಗೆ ಹಾಕಿಕೊಂಡು ಹೋಗಿದ್ದಾರೆ.

ಈಗ ಇವು ಯಾರದು ಕಮಲಾಕ್ಷಿ?

ನಿನ್ನದು ಅಂದರೆ, ದೇವರಮನೆಗೆ ಚರ್ಮದ ಅಂಟು ತಂದವಳು ನೀನು. ನನ್ನದು ಅಂದರೆ, ಮೊದಲ ದಿನದಿಂದ ಸುಳ್ಳಿ ನೀನು. ಎರಡರಲ್ಲಿ ಯಾವುದು ನಿನಗೆ ಚೆನ್ನಾಗಿ ಒಪ್ಪುತ್ತದೋ ಅದನ್ನು ಆರಿಸಿಕೋ. ದೀಪಾವಳಿಯವರೆಗೆ ಪುರುಸೊತ್ತು ಕೊಟ್ಟಿದ್ದೇನೆ. ಅಷ್ಟರಲ್ಲಿ ನೀನೇ ನಿನ್ನ ಬಾಯಿಂದ ನಿಮ್ಮತ್ತೆಗೆ ಹೇಳದಿದ್ದರೆ ನಾನು ಬರೆಯುತ್ತೇನೆ.

ರವಿಕೆ ಬಟ್ಟೆ ಕಳಿಸಬೇಡ. ಬಂದರೆ ಅಂಗಡಿಯಲ್ಲಿ ಮೇಜು ಒರೆಸಲು ಕೊಡುತ್ತೇನೆ.

ವನಜ


ಕುಣಿಗಲ್
12 ಅಕ್ಟೋಬರ್ 1979

ವನಜ,

ನಿನಗೆ ಮನುಷ್ಯತ್ವ ಇದೆಯಾ? ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿ ಓದಿಕೋ. ನನ್ನ ಮೇಲೆ ಸಿಟ್ಟಿದ್ದರೆ ಬಂದು ಕೆನ್ನೆಗೆ ಹೊಡೆ. ಆ ಹೆಂಗಸು ನಿನಗೇನು ಮಾಡಿದ್ದರು? ಆರೋಗ್ಯ ಬೇರೆ ಸರಿಯಿಲ್ಲ ಅವರಿಗೆ.

ದೇವರಮನೆಯ ಎಲೆಗಳನ್ನು ಅವರು ದೇವಸ್ಥಾನಕ್ಕೆ ಹೋದಾಗ ತೆಗೆದು ಬಚ್ಚಲೊಲೆಗೆ ಹಾಕೋಣ ಅಂತ ಹೋದೆ. ಕೈ ಬರಲಿಲ್ಲ. ಊರವರ ಮನೆಯಲ್ಲಿರುವುದನ್ನು ಎಲ್ಲಿಂದ ತರಲಿ?

ರೇವಮ್ಮನವರಿಗೆ ಕಾಗದ ಬರೆದಿಟ್ಟಿದ್ದೇನೆ, ಸತ್ಯವಾಗಿಯೂ. ನೀನು ಅತ್ತೆಗೆ ಬರೆಯುವುದಿಲ್ಲ ಅಂತ ಮಾತು ಕೊಡು, ಅವತ್ತೇ ಡಬ್ಬಿಗೆ ಹಾಕುತ್ತೇನೆ.

ಕಮಲಾಕ್ಷಿ


(ಕಾರ್ಡು)

ತುಮಕೂರು
23 ಅಕ್ಟೋಬರ್ 1979

ಕುಣಿಗಲಿನ ಶ್ರೀಮತಿ ಲಕ್ಷ್ಮೀದೇವಮ್ಮನವರಿಗೆ ಗುಬ್ಬಿ ದೊಡ್ಡರಂಗಯ್ಯನ ಮಗಳು ವನಜ ಮಾಡುವ ನಮಸ್ಕಾರ.

ನೀವು ನವರಾತ್ರಿಯಲ್ಲಿ ಹಂಚಿದ ಎಲೆಗಳನ್ನು ಮಾಡಿದವಳು ನಾನು. ಹೆಣ್ಣು ನೋಡಲು ಬಂದಾಗ ನೀವು ಮೆಚ್ಚಿದವೂ ನನ್ನವೇ. ಹೈಸ್ಕೂಲಿನಲ್ಲಿ ನಿಮ್ಮ ಕಣ್ಣೆದುರೇ ನನ್ನನ್ನು ಕಳ್ಳಿ ಅಂದರು, ನೀವು ನಂಬಿದಿರಿ. ಈ ಸಲದ ಎಲೆಗಳಿಗೆ ಹಚ್ಚಿರುವುದು ಸರೇಸು, ಚರ್ಮ ಬೇಯಿಸಿದ ಅಂಟು. ನಿಮ್ಮ ಸೊಸೆಗೆ ಇದು ದೀಪಾವಳಿಗೆ ಮೊದಲೇ ಗೊತ್ತು. ನಿಮಗೆ ಹೇಳಿದ್ದಾಳೆಯೇ, ಕೇಳಿ.

ಇನ್‌ಲ್ಯಾಂಡಿಗೆ ಅಂಟಿಸುವ ಅಂಚಿರುತ್ತದೆ. ಕಾರ್ಡಿಗೆ ಇರುವುದಿಲ್ಲ. ಅದಕ್ಕೇ ಕಾರ್ಡಿನಲ್ಲಿ ಬರೆದೆ.

ವನಜ


ಕುಣಿಗಲ್
2 ನವೆಂಬರ್ 1979

ವನಜಳಿಗೆ ಲಕ್ಷ್ಮೀದೇವಮ್ಮ ತಿಳಿಸುವುದು.

ನಿನ್ನ ಕಾರ್ಡು ನನ್ನ ಕೈಗೆ ಬರುವ ಮೊದಲು ಅಂಚೆಯವನಿಗೆ, ಹಾಲಿನವನಿಗೆ, ಎದುರು ಮನೆಯವರಿಗೆ ಗೊತ್ತಾಗಿತ್ತು. ನೀನು ಬಯಸಿದ್ದು ಅದೇ ಇರಬೇಕು, ಆಯಿತು.

ಕಾರ್ಡನ್ನು ಸೊಸೆಯ ಮುಂದಿಟ್ಟು "ಯಾರಮ್ಮ ಮಾಡಿದ್ದು?" ಎಂದು ಕೇಳಿದೆ. ಆಗಲೂ ಅವಳು "ನಂದೇ ಅತ್ತೆ, ಅವ್ಳು ಹೊಟ್ಟೆಕಿಚ್ಚಿಗೆ ಬರೆದಿದಾಳೆ" ಎಂದಳು. "ಹಾಗಿದ್ರೆ ಈಗ ಒಂದು ಮಾಡು, ನೋಡೋಣ" ಎಂದೆ. ಹೋಗಿ ಒಂದು ಹಸಿ ಅರಳಿ ಎಲೆ ತಂದಳು. ಈಳಿಗೆಮಣೆ ಹಾಕಿಕೊಂಡು ಕೂತು, ತೆಂಗಿನಕಾಯಿ ಹೆರೆದ ಹಾಗೆ ಎಲೆ ಹೆರೆಯತೊಡಗಿದಳು. ಎಲೆ ಚೂರುಚೂರಾಯಿತು. ಅವಳೇ ಅಳುತ್ತಾ ಎಲ್ಲವನ್ನೂ ಹೇಳಿದಳು.

ಇನ್ನು ನಿನ್ನ ಅಂಟಿನ ವಿಷಯ. ನಾನು ದೇವರಮನೆಯನ್ನೆಲ್ಲ ತೊಳೆಸಿ, ಪುಸ್ತಕಗಳನ್ನು ಏನು ಮಾಡುವುದು ಎಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ನಮ್ಮ ಯಜಮಾನರು ಪೇಪರು ಮಡಿಚಿ, "ಲೇ, ನಿನ್ನ ಭಾಗವತದ ಬೆನ್ನಿಗೆ ಏನ್ ಹಚ್ಚಿದಾರೆ ಅಂದ್ಕೊಂಡಿದೀಯ? ಗಂಧಾನಾ? ನಮ್ಮಪ್ಪ ಅದನ್ನ ತುಮಕೂರಲ್ಲೇ ಬೈಂಡ್ ಮಾಡ್ಸಿದ್ದು. ಅದೂ ಸರೇಸೇ" ಎಂದರು. ನಲವತ್ತು ವರ್ಷ ಕಣ್ಣಿಗೊತ್ತಿಕೊಂಡ ಪುಸ್ತಕ. ಪುಸ್ತಕವನ್ನು ತೊಳೆಯಲಾಗುವುದಿಲ್ಲ, ನಾನೇ ಇನ್ನೊಂದು ಸ್ನಾನ ಮಾಡಿ ಬಂದು ಪಾರಾಯಣಕ್ಕೆ ಕೂತೆ. ನಿನ್ನ ಎಲೆ ಅಲ್ಲೇ ಇದೆ. ಹಾಗಾಗಿ ನೀನು ನನಗೆಂದು ಇಟ್ಟ ಬೆಂಕಿ ನನಗೆ ತಾಗಲಿಲ್ಲ.

ಆದರೆ ಇಟ್ಟದ್ದು ನಿಜ. ನಿನ್ನನ್ನು ನಾನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ.

ಅವಳನ್ನೂ ಕ್ಷಮಿಸಿಲ್ಲ. ಅವಳನ್ನು ಗುಬ್ಬಿಗೆ ನಾನೇ ಕರೆದುಕೊಂಡು ಹೋಗಿ ರೇವಮ್ಮನವರ ಮುಂದೆ ನಿಲ್ಲಿಸುತ್ತೇನೆ. ಎಲೆ ತೆಗೆದುಕೊಂಡ ಪ್ರತಿ ಮನೆಗೂ ಹೋಗಿ ಅದು ನಿನ್ನ ಕೆಲಸವೆಂದು ಅವಳೇ ಹೇಳಬೇಕು. ಹಿತ್ತಲಲ್ಲಿ ಮಡಕೆ ಇಡಿಸಿದ್ದೇನೆ. ಎಲೆ ಮಾಡುವುದನ್ನು ಅವಳು ಕಲಿಯಬೇಕು. ಮಾಡಿದ್ದನ್ನು ನಿನಗೆ ಕಳಿಸುತ್ತಾಳೆ. ನೀನು ನನಗೆ "ಇದು ಸರಿಯಾಗಿದೆ" ಎಂದು ಬರೆಯುವ ತನಕ ಆ ಮಡಕೆ ಅವಳದೇ. ಅಲ್ಲಿಯವರೆಗೆ ನಮ್ಮ ಮನೆಯ ತಾಂಬೂಲದ ತಟ್ಟೆಯನ್ನು ಅವಳು ಮುಟ್ಟುವ ಹಾಗಿಲ್ಲ, ಬಂದವರಿಗೆ ಕುಂಕುಮ ಕೊಡುವ ಹಾಗಿಲ್ಲ.

ನ್ಯಾಯವಾಗಿ ನೋಡಿ ಹೇಳು. ನಿನ್ನ ಮಾತನ್ನು ನಾನು ನಂಬುತ್ತೇನೆ.

ಲಕ್ಷ್ಮೀದೇವಮ್ಮ


ಕುಣಿಗಲ್
16 ಮಾರ್ಚ್ 1980

ವನಜಳಿಗೆ,

ಸಂಕ್ರಾಂತಿಗೆ ಮೊದಲೇ ಗುಬ್ಬಿಗೆ ಹೋಗಿ ಬಂದೆವು. ನಿಮ್ಮಪ್ಪ ಹೇಳಿರಬಹುದು. ಪ್ರೇಯರ್ ಮುಗಿದು ಮಕ್ಕಳು ಇನ್ನೂ ಸಾಲಿನಲ್ಲಿ ನಿಂತಿದ್ದಾಗಲೇ ಅತ್ತೆ ನನ್ನನ್ನು ಜಗಲಿ ಹತ್ತಿಸಿದರು. ನಿಮ್ಮಪ್ಪನನ್ನೂ ಕರೆಸಿದ್ದರು. "ಆ ಎಲೆಗಳು ವನಜಳವು, ನಾನು ಸುಳ್ಳು ಹೇಳಿದೆ" ಅಂದೆ. ಹಿಂದಿನ ಸಾಲಿನಿಂದ ಯಾವುದೋ ಹುಡುಗಿ "ಕೇಳಿಸ್ಲಿಲ್ಲ ಮಿಸ್" ಅಂದಳು. ಇನ್ನೊಂದು ಸಲ ಹೇಳಿಸಿದರು.

ರೇವಮ್ಮನವರು ಕನ್ನಡಕ ತೆಗೆದು ಒರೆಸಿ, "ಹೆಸರು ತಿದ್ದಬಹುದು ಕಣಮ್ಮ, ಕೆಲ್ಸ ಎಲ್ಲಿಂದ ತಂದು ಕೊಡ್ಲಿ? ಆ ಹುಡುಗಿ ಈಗ ಪರ್ಮನೆಂಟ್ ಆಗಿದಾಳೆ" ಅಂದರು. ನಿಮ್ಮಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, "ನನ್ನ ಮಾನ ಕಳೆದೆ" ಅಂತ.

ಇಲ್ಲಿ ಒಂದೊಂದು ಮನೆಗೂ ಹೋಗಿ ಹೇಳಿ ಬಂದೆ. ಕೆಲವರು ಒಳಗೆ ಕರೆಯಲಿಲ್ಲ. ಕೆಲವರು ಎಲೆಯನ್ನು ಇಕ್ಕಳದಲ್ಲಿ ಹಿಡಿದು ವಾಪಸ್ ಕೊಟ್ಟರು. ಮನೆಗೆ ಯಾರಾದರೂ ಬಂದರೆ ನಾನು ಹಿತ್ತಲಿಗೆ ಹೋಗುತ್ತೇನೆ. ಕುಂಕುಮದ ಬಟ್ಟಲು ಹಿಡಿಯದ ಸೊಸೆ ಹೇಗಿರುತ್ತಾಳೆ ಅಂತ ನಿನಗೆ ಬರೆಯುವುದಿಲ್ಲ, ನಿನಗೆ ಖುಷಿಯಾಗುತ್ತದೆ.

ಅರಳಿ ಮರವನ್ನು ಶನಿವಾರ ಬಿಟ್ಟು ಬೇರೆ ದಿನ ಮುಟ್ಟಬಾರದು ಅಂತ ಅತ್ತೆಯ ಕಟ್ಟು. ಹಾಗಾಗಿ ವಾರಕ್ಕೊಂದು ದಿನ ಕಟ್ಟೆಗೆ ಹೋಗಿ ಎಲೆ ಆರಿಸಿ ತರುತ್ತೇನೆ. ಮೊದಲು ಎಳೆಯವನ್ನು ತಂದೆ, ನೀರಿನಲ್ಲಿ ಕರಗಿ ಹೋದವು. ಆಮೇಲೆ ಬಲಿತವನ್ನು ತಂದೆ, ಉಜ್ಜುವಾಗ ಹರಿದವು. ಬೆರಳ ಸಂದಿಯ ವಾಸನೆ ಸೀಗೆಪುಡಿಗೂ ಹೋಗುವುದಿಲ್ಲ, ನಮ್ಮನೆಯವರು ಊಟಕ್ಕೆ ಕೂತರೆ ಮುಖ ಆ ಕಡೆ ತಿರುಗಿಸುತ್ತಾರೆ. ಹೋದ ತಿಂಗಳು ಒಂದು ಎಲೆ ನೀರಿನಲ್ಲೇ ಬಿಡಿಸಿಕೊಂಡು ಪೂರ್ತಿ ಬಂತು. ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ನೀನು ಯಾಕೆ ಇದನ್ನು ಬಿಟ್ಟುಕೊಡಲಿಲ್ಲ ಅಂತ ಅವತ್ತು ಗೊತ್ತಾಯಿತು.

ಅದಕ್ಕೆ ಒಂದು ಬಳ್ಳಿ ಬರೆದು, ಜಾಲಿ ಗೋಂದು ಹಚ್ಚಿ, ಕುಚ್ಚು ಕಟ್ಟಿ ಇದರ ಜೊತೆ ಕಳಿಸಿದ್ದೇನೆ. ನೋಡು. ಸರಿಯಾಗಿದ್ದರೆ ಅತ್ತೆಗೆ ಒಂದು ಸಾಲು ಬರಿ. ಮುಂದಿನ ತಿಂಗಳು ನಾದಿನಿಯ ಮದುವೆ, ಅಷ್ಟರಲ್ಲಿ ನಾನು ಜನರ ಮುಂದೆ ಬರುವ ಹಾಗಾದರೆ ಸಾಕು.

ಕಮಲಾಕ್ಷಿ


ತುಮಕೂರು
25 ಮಾರ್ಚ್ 1980

ಕಮಲಾಕ್ಷಿಗೆ,

ಈ ಕಾಗದವನ್ನು ಎದುರು ಮನೆಯ ವಿಳಾಸಕ್ಕೇ ಹಾಕುತ್ತಿದ್ದೇನೆ, ಇನ್‌ಲ್ಯಾಂಡಿನಲ್ಲಿ. ನಾನು ಹೇಳುತ್ತಿದ್ದೇನೆ, ಚಿಕ್ಕಮಾರಿ ಬರೆಯುತ್ತಿದ್ದಾಳೆ. ಈ ಸಲ ಕೈಗೆ ಕೆಲಸವೇನೂ ಇಲ್ಲ.

ನಿನ್ನ ಎಲೆ ಬಂತು. ಬೆಳಕಿಗೆ ಹಿಡಿದು ನೋಡಿದೆ, ನೀರಿನ ತಟ್ಟೆಯ ಮೇಲೆ ಇಟ್ಟು ನೋಡಿದೆ. ಎಲ್ಲೂ ಹರಿದಿಲ್ಲ. ತುದಿಯ ಬಾಲ ಕೂಡ ಪೂರ್ತಿ ಉಳಿದಿದೆ, ಅದು ನನಗೇ ಹತ್ತರಲ್ಲಿ ನಾಲ್ಕು ಸಲ ಮುರಿಯುತ್ತದೆ. ಬಳ್ಳಿ ಎಳೆದಿರುವ ಕೈಗೆ ಇನ್ನೂ ಹೆದರಿಕೆ ಇದೆ, ಆದರೆ ಆ ಹೆದರಿಕೆಯೇ ಬಳ್ಳಿಗೆ ಚೆನ್ನಾಗಿ ಒಪ್ಪಿದೆ. ಅಡವಿಯಪ್ಪಣ್ಣನಿಗೆ ತೋರಿಸಿದೆ. "ನಿಂದೇನವ್ವಾ? ಸಂದಾಕದೆ" ಅಂದ. ಅಲ್ಲ, ನನ್ನದಲ್ಲ ಅಂದೆ.

ನಿಮ್ಮತ್ತೆಗೆ ನಿನ್ನೆಯೇ ಬರೆದು ಹಾಕಿದೆ. "ನಿಮ್ಮ ಸೊಸೆ ಕಳಿಸಿದ ಎಲೆ ಸರಿಯಾಗಿಲ್ಲ. ಇನ್ನೂ ಕಲಿಯಬೇಕು."

ಇಲ್ಲಿಗೆ ಬಂದಾಗ ಚಿಕ್ಕಮಾರಿ ಪೆನ್ನು ಎತ್ತಿಬಿಟ್ಟಳು. "ಅಕ್ಕಾ, ಎಲ್ಲೂ ಹರಿದಿಲ್ಲ ಅಂತ ನೀನೇ ಅಂದ್ಯಲ್ಲ? ಇದನ್ನೂ ಬರೀಲಾ?" ಬರಿ ಅಂದೆ. "ಪಾಪ ಕಣಕ್ಕ" ಅಂದಳು. ಅದನ್ನೂ ಬರಿ ಅಂದೆ.

ನೀನು ಇದನ್ನು ನಿಮ್ಮತ್ತೆಗೆ ತೋರಿಸಬಹುದು. ಅಕ್ಷರ ನನ್ನದಲ್ಲ, ಕೆಳಗೆ ಸಹಿಯೂ ಹಾಕುವುದಿಲ್ಲ. "ಇದು ವನಜ ಬರೆಸಿದ್ದು" ಅಂತ ನೀನು ಹೇಳಬೇಕು, ಅವರು ನಂಬಬೇಕು. ಹೇಳಿ ನೋಡು. ಒಳ್ಳೆಯ ಕೆಲಸ ಕೈಯಲ್ಲಿದ್ದು, ಬಾಯಲ್ಲಿ ಸತ್ಯವಿದ್ದು, ಎದುರಿಗಿರುವವರು ತಲೆ ಆಡಿಸದಿದ್ದರೆ ಹೇಗಿರುತ್ತದೆ ಅಂತ ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.

ಬರುವ ತಿಂಗಳು ನಾನು ಈ ರೂಮು ಬಿಡುತ್ತೇನೆ. ತುಮಕೂರೂ ಸಾಕಾಯಿತು. ಎಲ್ಲಿಗೆ ಹೋದರೂ ನಿನಗೆ ಮಾತ್ರ ವಿಳಾಸ ತಿಳಿಸುತ್ತೇನೆ.

ಎಲೆಯನ್ನು ಕಾಗದದ ಮಧ್ಯೆ ಇಟ್ಟು ಬೇರೆ ಲಕೋಟೆಯಲ್ಲಿ ವಾಪಸ್ ಕಳಿಸಿದ್ದೇನೆ, ಬಾಲ ಮುರಿಯದ ಹಾಗೆ. ಇನ್ನೊಂದು ಮಾಡು. ಶನಿವಾರಗಳೇನೂ ಮುಗಿದು ಹೋಗುವುದಿಲ್ಲ.